ಬ್ಲಾಕೋ ಚಾರ್ಜೋ: ‘ನಿಂತಿದ್ದನಾ?’ ಅನ್ನುವ ಪ್ರಶ್ನೆಯೇ ತಪ್ಪು

ಪ್ರಶ್ನೆ: ಎರಡು ವರ್ಷದಿಂದ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದೇನೆ. ಟ್ರಾವೆಲಿಂಗ್, ಡಬಲ್ ಡ್ರಿಬಲ್, ಕೈಗೆ ಹೊಡೆಯುವ ಫೌಲು ಇವೆಲ್ಲ ಒಂದು ಮಟ್ಟಿಗೆ ಅಭ್ಯಾಸವಾಗಿವೆ. ಢಿಕ್ಕಿಯಾದಾಗ ತಪ್ಪು ಅಡ್ಡ ಬಂದ ಡಿಫೆಂಡರಿನದಾ (ಬ್ಲಾಕ್), ಚೆಂಡಿನೊಂದಿಗೆ ನುಗ್ಗಿದವನದಾ (ಚಾರ್ಜ್) ಅನ್ನುವ ಪ್ರಶ್ನೆ ಬಂದರೆ ಮಾತ್ರ ತಲೆ ಓಡುವುದಿಲ್ಲ. ಹೋದ ವಾರ ಒಬ್ಬ ಹುಡುಗ ಚೆಂಡಿನೊಂದಿಗೆ ಬಾಸ್ಕೆಟ್ ಕಡೆಗೆ ಡ್ರೈವ್ ಮಾಡಿಕೊಂಡು ಬಂದು ಡಿಫೆಂಡರ್ ಎದೆಗೇ ಗುದ್ದಿದ. ಡಿಫೆಂಡರ್ ಮೊದಲಿಂದಲೂ ಅವನ ಎದುರೇ ಇದ್ದ, ಗುದ್ದಿದಾಗ ಹಿಂದೆ ಸರಿಯುತ್ತಿದ್ದ. ‘ನಿಂತಿರಲಿಲ್ಲವಲ್ಲ’ ಅಂತ ಬ್ಲಾಕ್ ಕೊಟ್ಟೆ. ಡಿಫೆಂಡರಿನ ಕೋಚ್ ಕೂಗಾಡಿಬಿಟ್ಟರು. ಯಾರು ಸರಿ? ಅರ್ಧ ಸೆಕೆಂಡಿನಲ್ಲಿ ಇದನ್ನು ತೀರ್ಮಾನ ಮಾಡುವುದಾದರೂ ಹೇಗೆ?

ಉತ್ತರ: ನೀವು ಬರೆದ ಹಾಗೇ ನಡೆದಿದ್ದರೆ ಕೋಚ್ ಹೇಳಿದ್ದು ಸರಿ. ಅದು ಚಾರ್ಜ್. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಮೊದಲ ಮೂರು ವರ್ಷ ಇದೇ ತಪ್ಪನ್ನು ಬಹಳ ಧೈರ್ಯವಾಗಿ ಮಾಡುತ್ತಿದ್ದೆ.

ನಮ್ಮನ್ನು ದಾರಿ ತಪ್ಪಿಸುವುದು ಒಂದೇ ಮಾತು: ‘ನಿಂತಿದ್ದನಾ?’ ಬೆಂಚಿನವರು ಕೂಗುವುದು ಇದನ್ನೇ, ನೋಡುವವರು ಕೂಗುವುದೂ ಇದನ್ನೇ. ಕೇಳಿ ಕೇಳಿ ನಮ್ಮ ತಲೆಯಲ್ಲೂ ಅದೇ ಕೂತುಬಿಡುತ್ತದೆ. ಆದರೆ ಡಿಫೆಂಡರ್ ಕಂಬದ ಹಾಗೆ ಅಲುಗಾಡದೆ ನಿಂತಿರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ 33ನೇ ವಿಧಿ ಕೇಳುವುದೇ ಬೇರೆ. ಡಿಫೆಂಡರ್ ಮೊದಲು ಒಮ್ಮೆ ಸರಿಯಾಗಿ ಜಾಗ ಹಿಡಿದನಾ? ಇದಕ್ಕೆ ನಾವು ಲೀಗಲ್ ಗಾರ್ಡಿಂಗ್ ಪೊಸಿಷನ್ ಅನ್ನುತ್ತೇವೆ. ಅದಕ್ಕೆ ಬೇಕಾದ್ದು ಎರಡೇ. ಎದುರಾಳಿಗೆ ಮುಖ ಮಾಡಿರಬೇಕು, ಎರಡೂ ಪಾದ ನೆಲಕ್ಕೆ ತಾಗಿರಬೇಕು. ಅದೂ ಒಂದು ಕ್ಷಣ ಸಾಕು.

ಆ ಕ್ಷಣ ಮುಗಿದ ಮೇಲೆ ಅವನಿಗೆ ಓಡಾಡುವ ಹಕ್ಕು ಸಿಗುತ್ತದೆ. ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು, ಇದ್ದಲ್ಲೇ ನೇರ ಮೇಲಕ್ಕೆ ಹಾರಬಹುದು. ಹಾಗೆ ಸರಿಯುವಾಗ ಒಂದು ಪಾದ ಅಥವಾ ಎರಡೂ ಪಾದ ಕ್ಷಣಕಾಲ ಗಾಳಿಯಲ್ಲಿದ್ದರೂ ತಪ್ಪಿಲ್ಲ. ಬಂದು ಗುದ್ದುತ್ತಾನೆ ಅಂತ ಗೊತ್ತಾದಾಗ ಏಟು ತಡೆದುಕೊಳ್ಳಲು ಮೈ ತಿರುಗಿಸಿಕೊಂಡರೂ ತಪ್ಪಿಲ್ಲ. ಮಾಡಬಾರದ್ದು ಒಂದೇ, ಚೆಂಡು ಹಿಡಿದವನ ಕಡೆಗೆ ಮುಂದೆ ನುಗ್ಗಬಾರದು. ಜೊತೆಗೆ ಕೈ, ಭುಜ, ಸೊಂಟ, ಕಾಲು ಹೊರಗೆ ಚಾಚಿ ದಾರಿ ಅಡ್ಡಗಟ್ಟಬಾರದು.

ನಿಮ್ಮ ಪಂದ್ಯದ ಡಿಫೆಂಡರ್ ಮೊದಲೇ ಎದುರು ನಿಂತಿದ್ದ. ಆಮೇಲೆ ಹಿಂದಕ್ಕೆ ಸರಿದ. ಏಟು ಬಿದ್ದದ್ದು ಎದೆಗೆ. ಅವನ ಕಡೆಯಿಂದ ಏನು ತಪ್ಪಾಯಿತು ಹೇಳಿ? ಯೋಚಿಸಿ ನೋಡಿದರೆ ಹಿಂದಕ್ಕೆ ಸರಿಯುವವನಿಗೆ ಬ್ಲಾಕ್ ಕೊಡುವುದು ವಿಚಿತ್ರವೇ. ದೂರ ಹೋಗುತ್ತಿದ್ದವನನ್ನು ಅಟ್ಟಿಕೊಂಡು ಹೋಗಿ ಗುದ್ದಿದವನು ಇನ್ನೊಬ್ಬ ಅಲ್ವಾ?

ಎದೆ ಅಂದೆನಲ್ಲ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಏಟು ಎದೆ-ಹೊಟ್ಟೆಯ ಭಾಗಕ್ಕೆ ಬಿದ್ದರೆ ಡಿಫೆಂಡರ್ ಆ ಜಾಗಕ್ಕೆ ಮೊದಲು ಬಂದಿದ್ದ ಅಂತ ನಿಯಮ ಲೆಕ್ಕ ಹಾಕುತ್ತದೆ. ಮೈಯ ನಡುಭಾಗ ದಾರಿಯಲ್ಲಿದೆ ಅಂದರೆ ದಾರಿ ಮುಚ್ಚಿದೆ ಅಂತ ಅರ್ಥ. ಸೊಂಟವೋ ಮಂಡಿಯೋ ಭುಜವೋ ಮಾತ್ರ ದಾರಿಯಲ್ಲಿದೆ ಅಂದರೆ ಅವನು ತಡವಾಗಿ ಬಂದಿದ್ದಾನೆ, ಕೊನೇ ಗಳಿಗೆಯಲ್ಲಿ ಏನೋ ಒಂದನ್ನು ಅಡ್ಡ ಹಾಕಿದ್ದಾನೆ. ಚೆಂಡು ಪುಟಿಸುತ್ತಾ ಡ್ರಿಬಲ್ ಮಾಡುವವನ ತಲೆ, ಭುಜ ದಾಟಿ ಹೋಗಿದೆ, ಇವನ ಸೊಂಟ ಪಕ್ಕದಿಂದ ಬಂದು ತಗುಲಿತು. ಅದು ಬ್ಲಾಕ್, ಹೆಚ್ಚು ಯೋಚಿಸಬೇಕಾಗಿಲ್ಲ.

ಬಿದ್ದ ರೀತಿ ನೋಡಿಯೂ ಒಂದಿಷ್ಟು ಗೊತ್ತಾಗುತ್ತದೆ. ಇದು ನಿಯಮ ಅಲ್ಲ, ನನ್ನ ಅನುಭವದ ಮಾತು ಅಷ್ಟೇ. ಎದೆಗೆ ಸರಿಯಾಗಿ ಏಟು ಬಿದ್ದವನು ಸಾಮಾನ್ಯವಾಗಿ ನೇರ ಹಿಂದಕ್ಕೆ, ಕೂತ ಹಾಗೆ ಬೀಳುತ್ತಾನೆ. ಪಕ್ಕಕ್ಕೆ ಏಟು ಬಿದ್ದವನು ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿ ಬೀಳುತ್ತಾನೆ. ಬೀಳುವುದನ್ನು ನೋಡಿಯೇ ತೀರ್ಮಾನ ಮಾಡಬೇಡಿ. ಆದರೆ ಎದೆಗೆ ಬಿತ್ತು ಅಂತ ನಿಮಗನ್ನಿಸಿ, ಅವನು ಗಿರಕಿ ಹೊಡೆದು ಬಿದ್ದಿದ್ದರೆ ನಿಮ್ಮ ಕಣ್ಣನ್ನು ಸ್ವಲ್ಪ ಅನುಮಾನಿಸಿ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ‘ಪಾಪ, ಅವನಿಗೆ ನಿಲ್ಲೋಕೆ ಟೈಮೇ ಕೊಡಲಿಲ್ಲ’ ಅಂತ ಚೆಂಡು ಹಿಡಿದವನ ಪರ ವಾದ ಬರುತ್ತದೆ. ಕೊಡಬೇಕಾಗಿಲ್ಲ! ಚೆಂಡು ಕೈಯಲ್ಲಿದ್ದವನಿಗೆ ಸಮಯ, ದೂರ ಎರಡೂ ಲೆಕ್ಕಕ್ಕಿಲ್ಲ. ಯಾರಾದರೂ ಎದುರು ಬಂದೇ ಬರುತ್ತಾರೆ ಅಂತ ಅವನು ತಯಾರಾಗಿರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ನಿಂತರೂ ನಿಲ್ಲಬೇಕು, ಇಲ್ಲವೇ ದಿಕ್ಕು ಬದಲಿಸಬೇಕು. ಚೆಂಡಿಲ್ಲದೆ ಓಡುವವನ ಕಥೆ ಬೇರೆ. ಅವನ ಗಮನ ಎಲ್ಲೋ ಇರುತ್ತದೆ. ಅವನಿಗೆ ನಿಲ್ಲಲು, ತಿರುಗಲು ಜಾಗ ಬಿಡಬೇಕು, ಕಡಿಮೆ ಅಂದರೂ ಒಂದು ಹೆಜ್ಜೆ. ಅವನು ಜೋರಾಗಿ ಬರುತ್ತಿದ್ದಷ್ಟೂ ಜಾಸ್ತಿ ಜಾಗ ಬೇಕು. ಈ ಎರಡನ್ನೂ ಕಲಸಿಕೊಂಡು ಚೆಂಡು ಹಿಡಿದವನಿಗೂ ರಿಯಾಯಿತಿ ಕೊಡುವ ರೆಫರಿಗಳನ್ನು ಬಹಳ ನೋಡಿದ್ದೇನೆ.

ಜೇಮ್ಸ್ ನೈಸ್ಮಿತ್ 1891ರಲ್ಲಿ ಆಟ ಶುರು ಮಾಡಿದಾಗ ಈ ತಲೆನೋವು ಇರಲೇ ಇಲ್ಲ. ಅವರ 13 ನಿಯಮಗಳ ಪ್ರಕಾರ ಚೆಂಡು ಹಿಡಿದುಕೊಂಡು ಓಡುವ ಹಾಗಿರಲಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕಿತ್ತು. ಭುಜದಿಂದ ಗುದ್ದುವುದು, ತಳ್ಳುವುದು ಆಗಲೂ ತಪ್ಪೇ. ಆದರೆ ಓಟವೇ ಇಲ್ಲದ ಕಡೆ ಢಿಕ್ಕಿ ಎಲ್ಲಿಂದ ಬರಬೇಕು? ಡ್ರಿಬಲ್ ಬಂದ ಮೇಲೆ ನಮ್ಮ ಪಾಡು ಶುರುವಾಯಿತು.

ಈಗ ನಿಜವಾಗಿ ಕಷ್ಟದ ಭಾಗಕ್ಕೆ ಬರೋಣ. ಆಟಗಾರ ನೆಲ ಬಿಟ್ಟು ಹಾರಿದ ಮೇಲೆ ಏನು?

ನೆಲದ ಮೇಲಿದ್ದವನು ನಿಲ್ಲಬಹುದು, ತಿರುಗಬಹುದು. ಹಾರಿದವನಿಗೆ ಅದು ಸಾಧ್ಯವಿಲ್ಲ. ಹಾಗಾಗಿ ನಿಯಮ ಇಲ್ಲಿ ಅವನ ಪರ ವಾಲುತ್ತದೆ. ಫಿಬಾದಲ್ಲಿ ಗೆರೆ ಸ್ಪಷ್ಟ: ಅವನು ಹಾರಿದ ಆ ಗಳಿಗೆಯಲ್ಲಿ ಇಳಿಯುವ ಜಾಗ, ಅಲ್ಲಿಗೆ ಹೋಗುವ ದಾರಿ ಖಾಲಿ ಇದ್ದರೆ ಅವು ಅವನವೇ. ಆಮೇಲೆ ಯಾರೂ ಅದರೊಳಗೆ ನುಗ್ಗುವ ಹಾಗಿಲ್ಲ. ಅವನು ಹಾರುವ ಮೊದಲೇ ಡಿಫೆಂಡರ್ ಅಲ್ಲಿ ನಿಂತಿದ್ದರೆ ಹೊಣೆ ಹಾರಿದವನದು. ಹಾರಿದವನ ಕಾಲ ಕೆಳಗೆ ಹೋಗಿ ನಿಲ್ಲುವುದಂತೂ ಅಪಾಯ. ಸೊಂಟವೋ ಬೆನ್ನೋ ಮುರಿಯಬಹುದು. ಅದಕ್ಕೆ ಬರೀ ಬ್ಲಾಕ್ ಅಲ್ಲ, ಸಾಮಾನ್ಯವಾಗಿ ಅದಕ್ಕಿಂತ ಗಂಭೀರವಾದ ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲೇ ಕೊಡಬೇಕಾಗುತ್ತದೆ.

ಟಿವಿಯಲ್ಲಿ ಅಮೆರಿಕದ ಪಂದ್ಯ ನೋಡಿ ಕಲಿತವರು ಇಲ್ಲಿ ಎಡವುತ್ತಾರೆ, ಯಾಕೆಂದರೆ ಗೆರೆ ಎಲ್ಲ ಕಡೆ ಒಂದೇ ಅಲ್ಲ. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಶೂಟ್ ಮಾಡುವವನು ಮೇಲಕ್ಕೆ ಏಳಲು ಶುರು ಮಾಡುವ ಮೊದಲೇ ಡಿಫೆಂಡರ್ ಜಾಗ ಹಿಡಿದಿರಬೇಕು. ಅಮೆರಿಕದ ಪುರುಷರ ಕಾಲೇಜು ಆಟದಲ್ಲಿ 2023–24ರಿಂದ ಇನ್ನೊಂದು ಗೆರೆ: ಶೂಟ್ ಮಾಡುವವನು ಹಾರಲು ಕಾಲು ಊರುವ ಹೊತ್ತಿಗೆ ಡಿಫೆಂಡರ್ ಅಲ್ಲಿರಬೇಕು. ಅದಕ್ಕೂ ಮೊದಲು ಅಲ್ಲೂ ನೆಲ ಬಿಡುವ ಹೊತ್ತನ್ನೇ ನೋಡುತ್ತಿದ್ದರು. ಕಾಲು ಊರುವುದಕ್ಕೂ ನೆಲ ಬಿಡುವುದಕ್ಕೂ ಇರುವ ಅಂತರ ತೀರಾ ಚಿಕ್ಕದು. ಆದರೂ ಆ ಚಿಕ್ಕ ಅಂತರದಲ್ಲಿ ಜಾರಿಕೊಂಡು ಬಂದು ಎದೆ ಕೊಡುತ್ತಿದ್ದ ಡಿಫೆಂಡರುಗಳ ಪರ ಸಿಗುತ್ತಿದ್ದ ಚಾರ್ಜುಗಳು ಈಗ ಬ್ಲಾಕ್ ಆಗಿವೆ. ನೀವು ಯಾವ ನಿಯಮದಡಿ ಸೀಟಿ ಊದುತ್ತೀರೋ ಆ ಗೆರೆಯನ್ನೇ ತಲೆಯಲ್ಲಿಟ್ಟುಕೊಳ್ಳಿ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ನಾಕೌಟ್ ಪಂದ್ಯ, ಕೊನೇ ನಿಮಿಷ, ಒಂದು ಪಾಯಿಂಟಿನ ಅಂತರ. ಎಡಗಡೆಯಿಂದ ಒಬ್ಬ ಹುಡುಗಿ ಡ್ರೈವ್ ಮಾಡಿದಳು. ನಾನು ಬಾಸ್ಕೆಟ್ ಹಿಂದಿನ ಗೆರೆಯಲ್ಲಿ, ಅಂದರೆ ಬೇಸ್‌ಲೈನಿನಲ್ಲಿದ್ದೆ. ಅವಳ ಡ್ರಿಬಲ್ ನೋಡುತ್ತಾ ನಿಂತುಬಿಟ್ಟೆ. ಆಮೇಲೆ ಕಂಡದ್ದು ಇಷ್ಟೇ: ಒಬ್ಬಳು ಗಾಳಿಯಲ್ಲಿ, ಇನ್ನೊಬ್ಬಳು ಎದುರಿಗೆ ಎರಡೂ ಕಾಲೂರಿ, ಕೈ ಎದೆಗೆ ಕಟ್ಟಿಕೊಂಡು. ಧಡ್ ಅಂತ ಇಬ್ಬರೂ ಬಿದ್ದರು. ನೋಡಲು ಪುಸ್ತಕದಲ್ಲಿ ಹಾಕುವಂಥ ಚಾರ್ಜ್. ಮುಷ್ಟಿಯನ್ನು ಅಂಗೈಗೆ ಬಡಿದು ಜೋರಾಗಿಯೇ ತೋರಿಸಿದೆ. ರಾತ್ರಿ ವಿಡಿಯೋ ನೋಡಿದೆ. ಡಿಫೆಂಡರ್ ಬಲಗಡೆಯಿಂದ ಓಡಿ ಬಂದಿದ್ದಳು. ಎಡಗಾಲು ಊರಿದ್ದಳು. ಬಲಗಾಲು ನೆಲ ಮುಟ್ಟುವಾಗ ಶೂಟ್ ಮಾಡುವವಳ ಪಾದ ನೆಲದಿಂದ ಒಂದು ಗೇಣು ಮೇಲಿತ್ತು. ನಾನು ನೋಡಿದ್ದು ಮುಗಿದ ಚಿತ್ರವನ್ನು. ಆ ಚಿತ್ರ ಹೇಗೆ ಆಯಿತು ಅನ್ನುವುದನ್ನು ನೋಡಿರಲೇ ಇಲ್ಲ.

ಅರ್ಧ ಸೆಕೆಂಡಿನಲ್ಲಿ ಹೇಗೆ ಅಂತ ಕೇಳಿದ್ದೀರಿ. ಆ ಅರ್ಧ ಸೆಕೆಂಡಿನಲ್ಲಿ ಆಗುವುದೇ ಇಲ್ಲ. ಅದಕ್ಕಿಂತ ಒಂದೂವರೆ ಸೆಕೆಂಡು ಮೊದಲೇ ಕೆಲಸ ಶುರುವಾಗಿರಬೇಕು. ಡ್ರೈವ್ ಶುರುವಾದ ಕೂಡಲೇ ಚೆಂಡನ್ನು ಬಿಡಿ. ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ, ಕಣ್ಣಂಚಿನಲ್ಲಿ ಇದ್ದೇ ಇರುತ್ತದೆ. ಡಿಫೆಂಡರನ್ನು ಹುಡುಕಿ. ಮೊದಲಿನಿಂದ ಕಾಯುತ್ತಿರುವವನು ಅಷ್ಟು ಕಷ್ಟ ಅಲ್ಲ, ಅವನನ್ನು ಆಟದ ಹಿಂದಿನಿಂದ ಬರುವ ಟ್ರೇಲ್ ರೆಫರಿ ನೋಡುತ್ತಲೇ ಇರುತ್ತಾನೆ. ಕಷ್ಟ ಕೊಡುವವನು ಎರಡನೆಯವನು, ಬೇರೆ ಕಡೆಯಿಂದ ಸಹಾಯಕ್ಕೆ ಓಡಿ ಬರುವವನು. ಬೇಸ್‌ಲೈನಿನ ಲೀಡ್ ರೆಫರಿಗೆ ಅವನೇ ಮುಖ್ಯ. ಅವನು ತನ್ನ ಆಟಗಾರನನ್ನು ಬಿಟ್ಟು ಒಂದು ಹೆಜ್ಜೆ ಹಾಕಿದಾಗಲೇ ನಿಮ್ಮ ಕಣ್ಣು ಅವನ ಮೇಲಿರಬೇಕು. ಅವನು ಎಲ್ಲಿಂದ ಬಂದ, ಯಾವಾಗ ಎದೆ ತಿರುಗಿಸಿದ, ಎರಡನೇ ಪಾದ ಯಾವಾಗ ಊರಿದ, ಇದೆಲ್ಲ ನೋಡಿದ್ದರೆ ಢಿಕ್ಕಿಯಾದಾಗ ಉತ್ತರ ನಿಮ್ಮ ಬಳಿ ಮೊದಲೇ ಇರುತ್ತದೆ.

ನಿಂತ ಜಾಗವೂ ಸರಿ ಇರಬೇಕು. ಇಬ್ಬರ ನಡುವಿನ ಸಂದು ನಿಮಗೆ ಕಾಣಬೇಕು. ಒಬ್ಬನ ಬೆನ್ನ ಹಿಂದೆ ಇನ್ನೊಬ್ಬ ಮುಚ್ಚಿಹೋಗಿದ್ದರೆ ಎಷ್ಟು ಹತ್ತಿರ ಇದ್ದರೂ ನೀವು ಕಾಣುವುದು ಬೆನ್ನನ್ನು ಮಾತ್ರ. ಎಷ್ಟೋ ಸಲ ಪಕ್ಕಕ್ಕೆ ಎರಡು ಹೆಜ್ಜೆ ಸರಿದರೆ ಸಾಕು, ಸಂದು ತೆರೆದುಕೊಳ್ಳುತ್ತದೆ. ಹತ್ತಿರ ಓಡುವುದಕ್ಕಿಂತ ಈ ಎರಡು ಹೆಜ್ಜೆ ಮೇಲು.

ಬಾಸ್ಕೆಟ್ ಕೆಳಗಿನ ಅರ್ಧವೃತ್ತದ ಬಗ್ಗೆ ನೀವು ಕೇಳಿಲ್ಲ, ಆದರೂ ಅದನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. ಎನ್‌ಬಿಎ ಇದನ್ನು 1997–98ರಲ್ಲಿ ತಂದಿತು, 4 ಅಡಿ ತ್ರಿಜ್ಯ. ಫಿಬಾ 2010ರಲ್ಲಿ ತಂದಿತು, 1.25 ಮೀಟರ್. ಉದ್ದೇಶ ಸರಳ. ಬಾಸ್ಕೆಟ್ ಅಡಿಯಲ್ಲೇ ಹೋಗಿ ನಿಂತು, ಹತ್ತಿರದಿಂದ ಚೆಂಡು ಹಾಕಲು (ಲೇಅಪ್‌ಗೆ) ಹಾರಿದವನು ಮೇಲೆ ಬೀಳಲಿ ಅಂತ ಕಾಯುವುದು ಡಿಫೆನ್ಸೇ ಅಲ್ಲ. ಹಾಗಾಗಿ ಆಟಗಾರ ಚೆಂಡಿನೊಂದಿಗೆ ಒಳಗೆ ಹಾರಿ ಶೂಟ್ ಮಾಡುವಾಗ ಅಥವಾ ಪಾಸ್ ಕೊಡುವಾಗ ಡಿಫೆಂಡರಿನ ಒಂದು ಪಾದವಾದರೂ ಆ ಜಾಗಕ್ಕೆ ತಾಗಿದ್ದರೆ ಚಾರ್ಜ್ ಇಲ್ಲ. ಫಿಬಾದಲ್ಲಿ ಗೆರೆಯೂ ಆ ಜಾಗದ ಭಾಗವೇ, ಗೆರೆ ತುಳಿದರೂ ಒಳಗೇ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಅರ್ಧವೃತ್ತದೊಳಗೆ ನಡೆದದ್ದೆಲ್ಲ ಬ್ಲಾಕ್ ಅಂದುಕೊಳ್ಳುವುದು. ಹಾಗಲ್ಲ. ಚಾರ್ಜ್ ಕೊಡಬೇಡ ಅಂತ ಮಾತ್ರ ನಿಯಮ ಹೇಳುವುದು. ಡಿಫೆಂಡರ್ ಒಳಗೇ ನಿಂತು ಕೈ ನೇರ ಮೇಲೆತ್ತಿ, ನೇರ ಮೇಲಕ್ಕೆ ಹಾರಿದ, ಢಿಕ್ಕಿಯಾಯಿತು ಅಂದುಕೊಳ್ಳಿ. ಅವನು ಏನೂ ತಪ್ಪು ಮಾಡಿಲ್ಲ. ಸೀಟಿ ಊದದೆ ಆಟ ಮುಂದುವರಿಸಿ. ಇನ್ನೊಂದು, ಹಾರಿದವನಿಗೆ ಇಲ್ಲಿ ಎಲ್ಲ ಮಾಫಿ ಅಂದುಕೊಳ್ಳುವುದು. ಮೊಣಕೈಯಿಂದ ತಳ್ಳಿದರೆ, ಮಂಡಿ ಎತ್ತಿ ಗುದ್ದಿದರೆ ಅರ್ಧವೃತ್ತ ಅವನನ್ನು ಕಾಪಾಡುವುದಿಲ್ಲ.

ದೊಡ್ಡವರಿಗೂ ಇದು ಎಷ್ಟು ಕಷ್ಟ ಅನ್ನುವುದಕ್ಕೆ 2018ರ ಎನ್‌ಬಿಎ ಫೈನಲ್‌ನ ಮೊದಲ ಪಂದ್ಯ ನೋಡಿ. ಆಟ ಮುಗಿಯಲು 36.4 ಸೆಕೆಂಡು. ಕ್ಲೀವ್‌ಲ್ಯಾಂಡ್ 104, ಗೋಲ್ಡನ್ ಸ್ಟೇಟ್ 102. ಗೋಲ್ಡನ್ ಸ್ಟೇಟ್‌ನ ಕೆವಿನ್ ಡುರಾಂಟ್ ಡ್ರೈವ್ ಮಾಡಿದ, ಕ್ಲೀವ್‌ಲ್ಯಾಂಡ್‌ನ ಲೆಬ್ರಾನ್ ಜೇಮ್ಸ್ ಪಕ್ಕದಿಂದ ಸರಿದು ಬಂದು ಎದುರು ನಿಂತ. ಢಿಕ್ಕಿ. ಮೊದಲು ಕೊಟ್ಟದ್ದು ಚಾರ್ಜ್. ಜೇಮ್ಸ್ ಅರ್ಧವೃತ್ತದೊಳಗಿದ್ದನಾ ಅಂತ ನೋಡಲು ರೆಫರಿಗಳು ವಿಡಿಯೋ ಮುಂದೆ ಹೋದರು. ಅವನು ಹೊರಗೇ ಇದ್ದ, ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಒಮ್ಮೆ ವಿಡಿಯೋ ಮುಂದೆ ಹೋದ ಮೇಲೆ ಅವನು ಜಾಗ ಹಿಡಿದಿದ್ದನಾ ಅಂತಲೂ ನೋಡಲು ನಿಯಮದಲ್ಲಿ ಅವಕಾಶವಿತ್ತು. ಹಿಡಿದಿರಲಿಲ್ಲ ಅಂತಾಯಿತು. ಚಾರ್ಜ್ ಹೋಗಿ ಬ್ಲಾಕ್ ಆಯಿತು. ಡುರಾಂಟ್ ಎರಡೂ ಫ್ರೀ ಥ್ರೋ ಹಾಕಿ ಸ್ಕೋರು ಸಮ ಮಾಡಿದ. ಕೊನೆಗೆ ಪಂದ್ಯ ಓವರ್‌ಟೈಮಿಗೆ ಹೋಗಿ ಗೋಲ್ಡನ್ ಸ್ಟೇಟ್ 124–114ರಲ್ಲಿ ಗೆದ್ದಿತು. ವಿಡಿಯೋ ಮುಂದೆ ಹೋದದ್ದು ಸರಿಯಾ ಅಂತ ಜನ ಇವತ್ತಿಗೂ ಜಗಳವಾಡುತ್ತಾರೆ. ನನಗನ್ನಿಸುವುದು, ಕೊನೇ ತೀರ್ಮಾನ ಸರಿಯೇ ಇತ್ತು. ಜಗತ್ತಿನ ಅತ್ಯುತ್ತಮ ರೆಫರಿಗಳ ಕಣ್ಣಿಗೇ ಆ ಸರಿದು ಬಂದ ಹೆಜ್ಜೆ ಮೊದಲ ನೋಟಕ್ಕೆ ತಪ್ಪಿಹೋಯಿತು ಅಂದರೆ ನಿಮ್ಮ ನನ್ನ ಪಾಡೇನು!

ಸೀಟಿ ಊದಿದ ಮೇಲಿನ ಒಂದು ಮಾತು. ಕೈ ತಕ್ಷಣ ಸೊಂಟಕ್ಕೋ (ಬ್ಲಾಕ್ ಸನ್ನೆ) ಅಂಗೈಗೋ (ಚಾರ್ಜ್ ಸನ್ನೆ) ಹೋಗದಿರಲಿ. ಮೊದಲು ಮುಷ್ಟಿ ಮೇಲೆತ್ತಿ, ಅಷ್ಟೇ. ಜೊತೆಗಿರುವ ರೆಫರಿಯೂ ಊದಿದ್ದಾರಾ ನೋಡಿ. ಇಬ್ಬರೂ ಊದಿದ್ದರೆ ಕಣ್ಣಲ್ಲೇ ಮಾತಾಡಿಕೊಳ್ಳಿ, ಯಾರ ಜಾಗವೋ ಅವರು ತೀರ್ಮಾನ ತೋರಿಸಲಿ. ಒಬ್ಬರು ಬ್ಲಾಕ್, ಒಬ್ಬರು ಚಾರ್ಜ್ ತೋರಿಸಿಬಿಟ್ಟರೆ ಅದಕ್ಕಿಂತ ಮುಜುಗರ ಇನ್ನೊಂದಿಲ್ಲ. ಅಮೆರಿಕದ ಹೈಸ್ಕೂಲ್ ನಿಯಮದಲ್ಲಂತೂ ಹಾಗಾದರೆ ಇಬ್ಬರು ಆಟಗಾರರಿಗೂ ಫೌಲು ಬರೆಯಬೇಕು. ಒಂದೇ ಢಿಕ್ಕಿಗೆ ಎರಡು ಅಪರಾಧಿಗಳು!

ಶಿಕ್ಷೆ ನಿಮಗೆ ಗೊತ್ತೇ ಇರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ಫಿಬಾದಲ್ಲಿ ಚೆಂಡಿದ್ದ ತಂಡದವನು ಚಾರ್ಜ್ ಮಾಡಿದರೆ ಫ್ರೀ ಥ್ರೋ ಇಲ್ಲ. ಆ ಕ್ವಾರ್ಟರಿನ ತಂಡದ ಫೌಲು ಎಷ್ಟೇ ಆಗಿದ್ದರೂ ಎದುರು ತಂಡಕ್ಕೆ ಚೆಂಡು ಮಾತ್ರ. ಶೂಟ್ ಮಾಡುವವನ ಮೇಲೆ ಬ್ಲಾಕ್ ಆದರೆ ಫ್ರೀ ಥ್ರೋ, ಚೆಂಡು ಒಳಗೆ ಬಿದ್ದಿದ್ದರೆ ಆ ಪಾಯಿಂಟಿನ ಜೊತೆಗೆ ಇನ್ನೊಂದು. ಅಂದರೆ ಒಂದು ಸೀಟಿಗೆ ಮೂರು ಪಾಯಿಂಟು ಅತ್ತಿತ್ತ ಆಗಬಹುದು. ಕೋಚುಗಳು ಕೂಗಾಡುವುದು ಸುಮ್ನೆ ಅಲ್ಲ.

ಬೇಕಂತಲೇ ಬೀಳುವವರ ಬಗ್ಗೆಯೂ ಹುಷಾರಾಗಿರಿ. ಗಾಳಿ ತಾಗಿದ್ದಕ್ಕೇ ತಲೆ ಹಿಂದಕ್ಕೆ ಎಸೆದು ‘ಆಹ್’ ಅಂತ ಬೀಳುವವರು ಇರುತ್ತಾರೆ. ಫಿಬಾದಲ್ಲಿ ಮೊದಲು ಎಚ್ಚರಿಕೆ, ಮತ್ತೆ ಮಾಡಿದರೆ ನಡವಳಿಕೆಗೆ ಕೊಡುವ ಟೆಕ್ನಿಕಲ್ ಫೌಲ್. ಎನ್‌ಬಿಎ ಕೂಡ 2023–24ರಿಂದ ಇದಕ್ಕೆ ಆಟದಲ್ಲೇ ಟೆಕ್ನಿಕಲ್ ಕೊಡುತ್ತಿದೆ, ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ಹೊಸ ರೆಫರಿಗಳು ಒಬ್ಬ ಬಿದ್ದ ಕೂಡಲೇ ಎರಡರಲ್ಲಿ ಒಂದು ಕೊಡಲೇಬೇಕು ಅಂದುಕೊಳ್ಳುತ್ತಾರೆ. ಮೂರನೆಯದೂ ಇದೆ, ಏನೂ ಕೊಡದಿರುವುದು. ಏಟು ಸಣ್ಣದು, ಯಾರಿಗೂ ಅದರಿಂದ ಲಾಭ ಆಗಲಿಲ್ಲ, ಯಾರ ಆಟವೂ ಕೆಡಲಿಲ್ಲ ಅಂದರೆ ಬಿಟ್ಟುಬಿಡಿ. ಆದರೆ ಇಬ್ಬರೂ ಧೊಪ್ಪನೆ ನೆಲಕ್ಕೆ ಬಿದ್ದಾಗ ತೀರ್ಮಾನ ಮಾಡಲು ಹೆದರಿ ಸುಮ್ಮನಿರಬೇಡಿ. ಅಲ್ಲಿ ಯಾರೋ ಒಬ್ಬರದು ತಪ್ಪು ಇದ್ದೇ ಇರುತ್ತದೆ, ಬಿಟ್ಟರೆ ಮುಂದಿನ ಢಿಕ್ಕಿ ಇನ್ನೂ ಜೋರಾಗಿರುತ್ತದೆ.

ಕೋಚ್ ಮತ್ತೆ ಬಂದು ‘ಅವನು ನಿಂತಿದ್ದನಲ್ಲಾ ಸಾರ್’ ಅಂದರೆ ವಾದ ಮಾಡಬೇಡಿ. ‘ನಿಂತಿದ್ದ ಸಾರ್, ಆದರೆ ಎರಡನೇ ಕಾಲು ಊರುವ ಮೊದಲೇ ಇವನು ಹಾರಿದ್ದ’ ಅನ್ನಿ. ಅಥವಾ ‘ಏಟು ಸೊಂಟಕ್ಕೆ ಬಿತ್ತು, ಎದೆಗಲ್ಲ’ ಅನ್ನಿ. ಒಂದೇ ವಾಕ್ಯ, ನೀವು ಕಂಡದ್ದು ಮಾತ್ರ. ಅವರು ಒಪ್ಪದೇ ಇರಬಹುದು. ಆದರೆ ನೀವು ನೋಡಿದ್ದೀರಿ ಅನ್ನುವುದು ಅವರಿಗೆ ಗೊತ್ತಾಗುತ್ತದೆ.

ಆಮೇಲೆ ಮನೆಯಲ್ಲಿ ಒಂದು ಅಭ್ಯಾಸ ಮಾಡಿ. ಯಾವುದಾದರೂ ಪಂದ್ಯದ ವಿಡಿಯೋ ಹಾಕಿ. ಪ್ರತಿ ಡ್ರೈವ್‌ನಲ್ಲೂ ಢಿಕ್ಕಿಯಾಗುವ ಸ್ವಲ್ಪ ಮೊದಲು ನಿಲ್ಲಿಸಿ, ಡಿಫೆಂಡರಿನ ಪಾದಗಳು ಎಲ್ಲಿವೆ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಮುಂದೆ ಓಡಿಸಿ ನೋಡಿ. ಮೊದಲ ದಿನ ನಿಮಗೆ ಪಾದಗಳು ನೆನಪಿಗೇ ಬರುವುದಿಲ್ಲ, ಯಾಕೆಂದರೆ ನೀವು ಚೆಂಡನ್ನೇ ನೋಡುತ್ತಿರುತ್ತೀರಿ. ನನಗೆ ಅಭ್ಯಾಸವಾಗಲು ಎರಡು ತಿಂಗಳು ಹಿಡಿಯಿತು. ಈಗ ಸಮಸ್ಯೆ ಏನೆಂದರೆ ಮನೆಯವರ ಜೊತೆ ಪಂದ್ಯ ನೋಡುವಾಗ ಬಾಸ್ಕೆಟ್ ಯಾರು ಹಾಕಿದರು ಅಂತ ಕೇಳಿದರೆ ನನಗೆ ಗೊತ್ತಿರುವುದಿಲ್ಲ.